ಹೊಸ ಮನೆಯ ಮರಳು ಯಾವ ಹೊಳೆಯದು?



ಧರ್ಮಕೇಂದ್ರದ ಗುರುವಿಗೆ ವರ್ಷದಲ್ಲಿ ಹಲವು ಬಾರಿ ಬರುವ ಕರೆ ಒಂದಿದೆ. "ಫಾದರ್, ಮನೆಗೆ ಅಡಿಗಲ್ಲು ಇಡ್ತಾ ಇದ್ದೀವಿ, ಬಂದು ಆಶೀರ್ವಾದ ಮಾಡಬೇಕು." ಸಂತೋಷದ ಕರೆಯೇ ಸರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ ಎರಡು ದೊಡ್ಡ ಕೆಲಸಗಳಲ್ಲಿ ಮೊದಲನೆಯದಕ್ಕೆ ಕೈಹಾಕಿದ ಕುಟುಂಬವನ್ನು ಯಾರು ತಾನೇ ಹರಸುವುದಿಲ್ಲ? ಪವಿತ್ರ ಜಲ ಹಿಡಿದು ನಿವೇಶನಕ್ಕೆ ಹೋದರೆ ಅಲ್ಲಿ ಒಂದು ಕಡೆ ಮರಳಿನ ರಾಶಿ, ಇನ್ನೊಂದು ಕಡೆ ಇಟ್ಟಿಗೆಯ ಸಾಲು, ಟಾರ್ಪಾಲಿನ ಕೆಳಗೆ ಸಿಮೆಂಟ್ ಮೂಟೆಗಳು. ಮನೆಯವರು ನಕ್ಷೆ ತೋರಿಸುತ್ತಾರೆ, ಮೇಸ್ತ್ರಿಯ ಪರಿಚಯ ಮಾಡಿಕೊಡುತ್ತಾರೆ, ಮಗಳ ಮದುವೆಯ ಹೊತ್ತಿಗೆ ಮುಗಿಯಬೇಕು ಎನ್ನುತ್ತಾರೆ. ಆ ರಾಶಿಗಳು ಎಲ್ಲಿಂದ ಬಂದವು ಎಂದು ಅವರೂ ಹೇಳುವುದಿಲ್ಲ, ನಾನೂ ಬಹಳ ವರ್ಷ ಕೇಳಲಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನು ಹೇಳಿದ ನಾಲ್ಕು ಕಾರಣಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಅದಕ್ಕೆ ನಮ್ಮ ಅಧ್ಯಾಪಕರು ಕೊಡುತ್ತಿದ್ದ ಉದಾಹರಣೆ ಮನೆಯದೇ. ಮನೆಗೆ ಒಂದು ರೂಪ ಬೇಕು, ಅದು ನಕ್ಷೆ. ಕಟ್ಟುವವನು ಬೇಕು, ಅವನು ಮೇಸ್ತ್ರಿ. ಒಂದು ಉದ್ದೇಶ ಬೇಕು, ಅದು ವಾಸ. ಇನ್ನೊಂದು ಬೇಕು: ಕಲ್ಲು, ಮಣ್ಣು, ಮರ; ಇದು ಉಪಾದಾನ ಕಾರಣ. ನಾವು ಮೊದಲ ಮೂರರ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ನಾಲ್ಕನೆಯದರ ಬಗ್ಗೆ ನಮ್ಮ ಪ್ರಶ್ನೆ ಒಂದೇ: ಲೋಡಿಗೆ ಎಷ್ಟು? ನಿನ್ನೆ ಇದು ಎಲ್ಲಿತ್ತು, ಅಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬ ಪ್ರಶ್ನೆಯನ್ನು ಈ ವಾರ ಕೇಳಿ ನೋಡೋಣ.

ಮೊದಲು ಮರಳು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಮದ್ದೂರನ್ನು ಹಾಯ್ದು ಮಳವಳ್ಳಿ ತಾಲ್ಲೂಕಿಗೆ ಇಳಿದು, ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ವರ್ಷವಿಡೀ ತುಂಬಿ ಹರಿಯುವ ನದಿ ಅದಲ್ಲ. ಆದರೂ ದಡದ ಊರುಗಳ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತಿತ್ತು ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು. ಕಾರಣ ಮರಳು. ಮರಳಿನ ಕಣಗಳ ನಡುವೆ ಸುಮಾರು ಮೂರನೇ ಒಂದು ಪಾಲು ಖಾಲಿ ಜಾಗವಿರುತ್ತದೆ. ಪ್ರವಾಹ ಬಂದಾಗ ಆ ಜಾಗವೆಲ್ಲ ನೀರಿನಿಂದ ತುಂಬಿಕೊಳ್ಳುತ್ತದೆ. ಪ್ರವಾಹ ಇಳಿದ ಮೇಲೆ ಆ ನೀರು ನಿಧಾನವಾಗಿ ದಡದ ಭೂಮಿಗೆ, ಅಲ್ಲಿಂದ ಬಾವಿಗೆ ಸರಿಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. 1000 ಚದರ ಅಡಿಯ ಸಾಧಾರಣ ಮನೆಗೆ 1800 ಘನ ಅಡಿಯಷ್ಟು ಮರಳು ಬೇಕೆಂಬುದು ಮೇಸ್ತ್ರಿಗಳ ಬಾಯಿಲೆಕ್ಕ. 100 ಘನ ಅಡಿ ಹಿಡಿಸುವ ಟ್ರ್ಯಾಕ್ಟರಿನಲ್ಲಿ 18 ಲೋಡು. ಅದು ಹೊಳೆಯಲ್ಲಿದ್ದಾಗ ತನ್ನೊಳಗೆ 600 ಘನ ಅಡಿ, ಅಂದರೆ ಸುಮಾರು 17,000 ಲೀಟರು ನೀರನ್ನು ಹಿಡಿಯಬಲ್ಲದು. ಅದೂ ಒಂದು ಸಲವಲ್ಲ, ಹೊಳೆ ಬಂದಾಗಲೆಲ್ಲ. ಮರಳು ಹೋದರೆ ಆ ತೊಟ್ಟಿಯೇ ಹೋಯಿತು. ನದಿಯ ಪಾತ್ರ ಕೆಳಗಿಳಿದರೆ ಪಕ್ಕದ ಬಾವಿಯ ನೀರೂ ಅದರ ಜೊತೆಗೆ ಕೆಳಗಿಳಿಯುತ್ತದೆ, ದಡ ಕುಸಿಯುತ್ತದೆ, ಸೇತುವೆಯ ಕಂಬದ ಬುಡ ಬರಿದಾಗುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗಲು ಆರಂಭವಾಗಿ 50 ವರ್ಷ ದಾಟಿತು. ಅದೇ ಬೆಂಗಳೂರಿನ ಕಟ್ಟಡಗಳಿಗೆ ನಮ್ಮ ಕಡೆಯ ಮರಳೂ ಲಾರಿಗಟ್ಟಲೆ ಹೋಯಿತು. ನೀರನ್ನಾದರೂ ಮಳೆ ಮತ್ತೆ ತರುತ್ತದೆ. ಮರಳು ಆಗಲು ಬಂಡೆ ಸವೆಯಬೇಕು; ಅದಕ್ಕೆ ಎಷ್ಟು ತಲೆಮಾರು ಬೇಕೋ!

ಕಾನೂನು ಇಲ್ಲವೇ ಎಂದರೆ ಇದೆ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಚಿಕ್ಕ ಗಣಿ ಗುತ್ತಿಗೆಗೂ ಪರಿಸರ ಅನುಮತಿ ಬೇಕೇ ಬೇಕು ಎಂದಿತು. ಆದರೆ ರಾತ್ರಿ ಎರಡು ಗಂಟೆಗೆ ಬಂದ ಟ್ರ್ಯಾಕ್ಟರಿನ ಮರಳು ನಿಮ್ಮ ಅಂಗಳದಲ್ಲಿ ಬಿದ್ದಿದ್ದರೆ ಆ ತೀರ್ಪಿನಿಂದ ಏನಾಯಿತು? ಕದ್ದ ಮಾಲನ್ನು ಅಗ್ಗಕ್ಕೆ ಕೊಂಡು, ನಾನು ಕದಿಯಲಿಲ್ಲವಲ್ಲ ಎನ್ನುವ ಮಾತನ್ನು ಪಾಪನಿವೇದನೆಯಲ್ಲಿ ಯಾವ ಗುರುವೂ ಒಪ್ಪುವುದಿಲ್ಲ.

ಇದಕ್ಕಿಂತ ಕೆಟ್ಟದ್ದು 'ಫಿಲ್ಟರ್ ಮರಳು'. ಹೊಲದ, ಕೆರೆಯಂಗಳದ ಮಣ್ಣನ್ನು ಅಗೆದು ನೀರು ಹಾಯಿಸಿ ತೊಳೆದು, ಉಳಿದ ಕಣಗಳನ್ನು ಮರಳೆಂದು ಮಾರುವ ದಂಧೆ ಬೆಂಗಳೂರಿನ ಸುತ್ತಲಿನ ಜಿಲ್ಲೆಗಳಲ್ಲಿ ಬೆಳೆಯಿತು. ಭೂಮಿ ಹಾಳು, ನೀರು ಹಾಳು. ಜೇಡಿ ಪೂರ್ತಿ ಹೋಗಿರದ ಕಾರಣ ಅದರಿಂದ ಮಾಡಿದ ಕಾಂಕ್ರೀಟೂ ದುರ್ಬಲ. ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಬಿಡಿ. ಮರಳಿನ ಮೇಲೆ ದಪ್ಪನೆಯ ಕೆಸರಿನ ಪದರ ಕೂತರೆ ಲೋಡನ್ನು ವಾಪಸು ಕಳಿಸಿ.

ಹಾಗಾದರೆ ಎಂ-ಸ್ಯಾಂಡ್? ಕಲ್ಲು ಪುಡಿ ಮಾಡಿ ತಯಾರಿಸುವ ಈ ಮರಳನ್ನು ಕಾಂಕ್ರೀಟಿಗೆ ಧೈರ್ಯವಾಗಿ ಬಳಸಬಹುದು. ಗಿಲಾವಿಗೆ ಇನ್ನೂ ನಯವಾದ ಪಿ-ಸ್ಯಾಂಡ್ ಬೇರೆಯೇ ಸಿಗುತ್ತದೆ. ಹೊಳೆ ಉಳಿಯುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಬೆಟ್ಟ ಬೇಕಲ್ಲ! ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ಸಿಡಿಮದ್ದು ಇಟ್ಟಾಗಲೆಲ್ಲ ಕನ್ನಂಬಾಡಿ ಕಟ್ಟೆಗೆ ಏನಾದೀತೋ ಎಂದು ಜಿಲ್ಲೆಯೇ ಗಾಬರಿಗೊಂಡಿತು. ಕೊನೆಗೆ 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಗೆ ತಡೆ ಹಾಕಿತು. ಹೊಳೆ ಬಿಟ್ಟು ಬೆಟ್ಟ ಹಿಡಿದರೆ ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತು, ಅಷ್ಟೆ. ಹೊರೆಯನ್ನೇ ಕಡಿಮೆ ಮಾಡಬೇಕು.

ಕನ್ನಂಬಾಡಿಯ ಮಾತು ಬಂತು. ಅಲ್ಲಿನ ನೀರು 124.80 ಅಡಿ ಮುಟ್ಟಿತೇ ಎಂದು ಪ್ರತಿ ಆಷಾಢದಲ್ಲೂ ಪತ್ರಿಕೆ ನೋಡುವ ಜನ ನಾವು. ಆ ಕಟ್ಟೆಯ ಕಲ್ಲುಗಳನ್ನು ಒಂದಕ್ಕೊಂದು ಬೆಸೆದಿರುವುದು ಏನು ಬಲ್ಲಿರಾ? ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ನಯವಾದ ಪುಡಿ ಮತ್ತು ಸುಣ್ಣ. 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಎರಡೂವರೆ ಕಿಲೋಮೀಟರಿಗೂ ಉದ್ದದ ಕಟ್ಟೆ ಈ ಗಾರೆಯ ಮೇಲೆ ನಿಂತಿದೆ. ನಿಮ್ಮ ಮನೆಯ ಸುಣ್ಣದ ಗೋಡೆ ಎಷ್ಟು ದಿನ ಬಾಳೀತು ಎಂದು ಯಾರಾದರೂ ನಕ್ಕರೆ ಅವರನ್ನು ಬೃಂದಾವನಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ಸುರ್ಕಿಯ ಗುಟ್ಟು ತಿಳಿದರೆ ಸಿಮೆಂಟಿನ ಲೆಕ್ಕವೂ ತಿಳಿಯುತ್ತದೆ. ಸಿಮೆಂಟಿಗೆ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಒಲೆಗೆ ಹಾಕಿದ ಕಲ್ಲಿದ್ದಲಿನಿಂದ ಇಂಗಾಲಾನಿಲ ಹೊರಡುವುದು ಒಂದು ಕಡೆ. ಅದಕ್ಕಿಂತ ಹೆಚ್ಚು ಪಾಲು ಸುಣ್ಣಕಲ್ಲಿನ ಒಳಗಿನಿಂದಲೇ ಹೊರಡುತ್ತದೆ. ಒಲೆಯನ್ನು ಎಷ್ಟು ಸುಧಾರಿಸಿದರೂ ಈ ಎರಡನೆಯದು ತಪ್ಪದು. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲಾನಿಲದಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದು. ನಮ್ಮ 1000 ಚದರ ಅಡಿ ಮನೆಗೆ 400 ಮೂಟೆ, ಅಂದರೆ 20 ಟನ್ ಸಿಮೆಂಟ್ ಎಂದುಕೊಳ್ಳಿ. ಸಾದಾ ಓಪಿಸಿ ಸಿಮೆಂಟಾದರೆ 16ರಿಂದ 18 ಟನ್ ಇಂಗಾಲಾನಿಲ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವುದು ಸುಮಾರು 2 ಟನ್. ನಾಲ್ವರ ಕುಟುಂಬ ಎರಡು ವರ್ಷ ಬದುಕುವಷ್ಟು ಹೊಗೆ ಸಿಮೆಂಟ್ ಒಂದರಿಂದಲೇ ಆಯಿತು. ಕಬ್ಬಿಣದ್ದು ಬೇರೆ, ಮೂರು ನಾಲ್ಕು ಟನ್ ಕಂಬಿಯ ಲೆಕ್ಕ ಸೇರಿಸಿದರೆ ಇನ್ನೂ ಏರುತ್ತದೆ.

ಸುಟ್ಟ ಜೇಡಿಯ ಪುಡಿ ಸುಣ್ಣದ ಜೊತೆ ಸೇರಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯೂ ಇದೇ ಕೆಲಸ ಮಾಡುತ್ತದೆ. ಆ ಬೂದಿಯನ್ನು ಸೇರಿಸಿದ ಸಿಮೆಂಟೇ ಅಂಗಡಿಯಲ್ಲಿ ಸಿಗುವ ಪಿಪಿಸಿ. ಆದ್ದರಿಂದ ಮೂಟೆಯ ಮೇಲೆ ಪಿಪಿಸಿ ಎಂದೋ, ಉಕ್ಕಿನ ಕಾರ್ಖಾನೆಯ ಕಿಟ್ಟ ಸೇರಿದ ಪಿಎಸ್‌ಸಿ ಎಂದೋ ಇದೆಯೇ ನೋಡಿ ಕೊಳ್ಳಿ. ಸಾಧಾರಣ ಮನೆಗೆ ಅದು ಧಾರಾಳವಾಗಿ ಸಾಕು. ಗಟ್ಟಿಯಾಗಲು ಸ್ವಲ್ಪ ಹೆಚ್ಚು ದಿನ ಬೇಕು, ನೀರುಣಿಸುವುದರಲ್ಲಿ ಜಿಪುಣತನ ಮಾಡಬಾರದು, ಇಷ್ಟೇ ಶರತ್ತು. ಈಗ ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿಯನ್ನು ಬೆರೆಸಿದ, ಇಂಗಾಲದ ಹೊರೆ ಸುಮಾರು ಮೂರನೇ ಒಂದು ಪಾಲು ಕಡಿಮೆಯಿರುವ ಹೊಸ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ಮಾನ್ಯತೆ ಕೊಟ್ಟಿದೆ. ಸ್ವಿಟ್ಜರ್ಲೆಂಡ್, ಕ್ಯೂಬಾ ಹಾಗೂ ನಮ್ಮ ದೆಹಲಿ, ಮದ್ರಾಸು ಐಐಟಿಗಳ ವಿದ್ವಾಂಸರು ಸೇರಿ ಬೆಳೆಸಿದ ವಿದ್ಯೆ ಅದು. ಕನ್ನಂಬಾಡಿಯ ಗಾರೆ ಕಲೆಸಿದ ಕೂಲಿಗಳು ಕೇಳಿದ್ದರೆ, ಇದೇನು ಹೊಸದು ಎಂದು ನಗುತ್ತಿದ್ದರೇನೋ.

ಇನ್ನು ಇಟ್ಟಿಗೆ. ನಮ್ಮ ಕಡೆ ಗೂಡು ಹಾಕಿ ಸುಡುವ ನಾಡ ಇಟ್ಟಿಗೆಗೆ ಎರಡು ಬೆಲೆ ಇದೆ: ಸೌದೆ ಮತ್ತು ಮೇಲ್ಮಣ್ಣು. 15,000 ಇಟ್ಟಿಗೆ ಎಂದರೆ ಹೆಚ್ಚು ಕಡಿಮೆ ಒಂದು ಗುಂಟೆ ಗದ್ದೆಯ ಒಂದು ಅಡಿ ಮಣ್ಣು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಕಬ್ಬು, ಭತ್ತ ಬೆಳೆದ ಆ ಒಂದು ಅಡಿಯಲ್ಲೇ ಗದ್ದೆಯ ಸತ್ವವೆಲ್ಲ ಇರುವುದು. ಸಾಲ ತೀರಿಸಲು ಮೇಲ್ಮಣ್ಣು ಮಾರಿದ ರೈತ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಮೊದಲಿನ ಫಸಲು ಕಾಣುವುದು ಕಷ್ಟ. ಕೆರೆಯ ಹೂಳಿನಿಂದ ಮಾಡಿದ ಇಟ್ಟಿಗೆ ಸಿಕ್ಕರೆ ಕೆರೆಗೂ ಲಾಭ, ಗದ್ದೆಗೂ ಲಾಭ.

ಸುಡದೆಯೇ ಇಟ್ಟಿಗೆ ಮಾಡಬಹುದು ಎಂಬುದನ್ನು ತೋರಿಸಿಕೊಟ್ಟವರು ನಮ್ಮ ರಾಜ್ಯದವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ನೂರಕ್ಕೆ 7ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಗಟ್ಟಿ ಮಾಡುವ ಮಣ್ಣಿನ ಬ್ಲಾಕುಗಳನ್ನು ರೂಪಿಸಿದರು. ಗೂಡಿಲ್ಲ, ಸೌದೆಯಿಲ್ಲ. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲುಭಾಗದಲ್ಲಿ ಈ ಬ್ಲಾಕು ಸಿದ್ಧವಾಗುತ್ತದೆ ಎಂದು ಈ ಇಬ್ಬರೂ 2003ರಲ್ಲಿ ಲೆಕ್ಕ ಕೊಟ್ಟರು. ಮಂಡ್ಯ ಜಿಲ್ಲೆಯ ಬಹುಪಾಲು ನೆಲ ಮರಳು ಮಿಶ್ರಿತ ಕೆಂಪು ಮಣ್ಣು; ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರೆಮಣ್ಣು ಮಾತ್ರ ಆಗದು, ನೆನೆದರೆ ಉಬ್ಬುತ್ತದೆ.

ನಿಮ್ಮ ಮಣ್ಣು ಆಗುತ್ತದೆಯೇ? ಮೇಲಿನ ಒಂದು ಅಡಿ ಮಣ್ಣನ್ನು ತೆಗೆದು ಹಿತ್ತಲಿನ ಗಿಡಗಳಿಗೆ ಹಾಕಿ. ಅದರ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ಕೆಳಗೆ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕೂ ಮೇಲೆ ಜೇಡಿ ಪದರವಾಗಿ ಕೂರುತ್ತವೆ. ಮರಳಿನ ಪದರ ಒಟ್ಟಿನ ಮೂರರಲ್ಲಿ ಎರಡು ಭಾಗದಷ್ಟಿದ್ದರೆ ಒಳ್ಳೆಯದು. ಕಡಿಮೆಯಿದ್ದರೆ ಸ್ವಲ್ಪ ಕಲ್ಲುಪುಡಿ ಸೇರಿಸಬಹುದು. ಮಕ್ಕಳಿಂದ ಮಾಡಿಸಿ, ಅವರಿಗೂ ಪಾಠವಾಗುತ್ತದೆ.

ಸುಟ್ಟ ಇಟ್ಟಿಗೆಯೇ ಬೇಕು ಎನ್ನುವವರಿಗೆ ಲಾರಿ ಬೇಕರ್ ಅವರ ದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ, ನಮ್ಮ ದೇಶಕ್ಕೆ ಬಂದು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಇಟ್ಟಿಗೆಗಳನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಒಂಬತ್ತು ಇಂಚಿನ ಗೋಡೆ ಕಟ್ಟುತ್ತಿದ್ದರು. ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿಯಿಂದ ಮನೆ ತಂಪಾಗಿರುತ್ತದೆ. ಅದೇ ಊರಿನಲ್ಲಿ ಯೇಸುಸಭೆಯವರ ಲೊಯೋಲಾ ಸಂಸ್ಥೆಗೆ ಅವರು ಕಟ್ಟಿದ ಪ್ರಾರ್ಥನಾಲಯವನ್ನು ನೋಡಿದವರು ಇಟ್ಟಿಗೆಗೆ ಗಿಲಾವು ಬೇಡ ಎಂಬ ಮಾತನ್ನು ಒಪ್ಪುತ್ತಾರೆ. ತಾರಸಿಯಲ್ಲೂ ಅವರದೊಂದು ಉಪಾಯವಿತ್ತು. ಕಾಂಕ್ರೀಟ್ ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಂಬಿ; ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿದರೆ ಸಿಮೆಂಟೂ ಜಲ್ಲಿಯೂ ಉಳಿಯುತ್ತವೆ. ಇಂಜಿನಿಯರರ ಲೆಕ್ಕವಿಲ್ಲದೆ ಮೇಸ್ತ್ರಿಯ ಅಂದಾಜಿನಲ್ಲಿ ಮಾತ್ರ ಇದನ್ನು ಮಾಡಬೇಡಿ.

ಆದರೆ ಇವೆಲ್ಲಕ್ಕಿಂತ ದೊಡ್ಡ ಉಳಿತಾಯ ಯಾವುದು ಎಂದು ಕೇಳಿದರೆ ನನ್ನ ಉತ್ತರ: ಕೆಡವದಿರುವುದು. ಇದನ್ನು ನಾನು ತಪ್ಪು ಮಾಡಿ ಕಲಿತವನು. ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಧರ್ಮೋಪದೇಶಕ್ಕೆಂದು ಹಿರಿಯರು ಕಟ್ಟಿದ ಮಣ್ಣುಗೋಡೆಯ ಹೆಂಚಿನ ಕೊಠಡಿಯೊಂದಿತ್ತು. ಗೋಡೆ ಒಂದೂವರೆ ಅಡಿ ದಪ್ಪ. ಒಂದು ಮೂಲೆಯಲ್ಲಿ ಗೆದ್ದಲು, ಎರಡು ತೊಲೆ ಲಡ್ಡು. ಹೊಸಬನ ಉತ್ಸಾಹದಲ್ಲಿ ನಾನು ಜೆಸಿಬಿ ಕರೆಸಿದೆ. ಅರ್ಧ ದಿನದಲ್ಲಿ ನೆಲಸಮ. ಹೆಂಚನ್ನು ಸಿಕ್ಕ ಬೆಲೆಗೆ ಮಾರಿದೆವು, ಮಣ್ಣನ್ನು ಹಳ್ಳಕ್ಕೆ ಸುರಿದೆವು. ಸಮತಟ್ಟು ತಾರಸಿಯ ಹೊಸ ಕೊಠಡಿ ಎದ್ದಿತು. ಏಪ್ರಿಲ್ ತಿಂಗಳ ಬೇಸಿಗೆ ಶಿಬಿರದಲ್ಲಿ ಮಧ್ಯಾಹ್ನ ಹನ್ನೆರಡರ ನಂತರ ಮಕ್ಕಳು ಅದರೊಳಗೆ ಕೂರಲಾಗದೆ ಹೊರಗಿನ ಹುಣಸೆ ಮರದ ಕೆಳಗೆ ಹೋದರು. ಒಬ್ಬ ಅಜ್ಜಿ ನನ್ನೆದುರೇ ಅಂದರು, "ಎರಡು ತೊಲೆ ಬದಲಾಯಿಸಿದ್ರೆ ಆಗ್ತಿರ್ಲಿಲ್ವಾ ಸ್ವಾಮಿ?" ಉತ್ತರ ಹೊಳೆಯಲಿಲ್ಲ. ನಮ್ಮ ಸಂತ ಫ್ರಾನ್ಸಿಸರು ಪಾಳುಬಿದ್ದ ಸಂತ ದಮಿಯಾನರ ಗುಡಿಯನ್ನು ಕಲ್ಲು ಬೇಡಿ ತಂದು ಸ್ವಂತ ಕೈಯಿಂದ ದುರಸ್ತಿ ಮಾಡಿದವರು, ಕೆಡವಿ ಕಟ್ಟಿದವರಲ್ಲ. ಅವರ ಹೆಸರನ್ನಿಟ್ಟುಕೊಂಡ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಈ ಭೂಮಿಯನ್ನು ಕುರಿತು ಬರೆದ ವಿಶ್ವಪತ್ರವನ್ನು ಓದುವಾಗ ನನಗೆ ನೆನಪಾದದ್ದು ಆ ಕೊಠಡಿಯೇ.

ಮಣ್ಣಿನ ಮನೆ ಎಂದರೆ ನಮ್ಮ ಜನರಿಗೆ ನಾಚಿಕೆ. ಸರ್ಕಾರದ ಲೆಕ್ಕದಲ್ಲೂ ಅದು ಕಚ್ಚಾ ಮನೆ. ಅದಕ್ಕಿಂತ ಚುಚ್ಚುವ ಮಾತೊಂದಿದೆ. ಮಳವಳ್ಳಿ ತಾಲ್ಲೂಕಿನ ಒಂದು ಕುಟುಂಬ ತಂದೆ ಬಿಟ್ಟುಹೋದ ಹೆಂಚಿನ ಮನೆಯನ್ನು ಕೆಡವಿ ಎರಡಂತಸ್ತಿನದನ್ನು ಕಟ್ಟಲು ಹೊರಟಿತ್ತು. ಏಕೆ ಎಂದು ಕೇಳಿದಾಗ ಹಿರಿಯ ಮಗ ತಲೆ ತಗ್ಗಿಸಿ ಹೇಳಿದ: "ಮಣ್ಣಿನ್ ಮನೆಗೆ ಯಾರ್ ಹೆಣ್ ಕೊಡ್ತಾರೆ ಫಾದರ್?" ನಗುವ ಮಾತಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ವಧು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದನ್ನು ನಾಡೇ ನೋಡಿತು. ಒಕ್ಕಲು ಮಕ್ಕಳ ಈ ನೋವಿಗೆ ಪರಿಸರದ ಉಪದೇಶ ಮದ್ದಲ್ಲ ಎಂದು ನನಗೂ ಗೊತ್ತು. ಆದರೆ ಕಬ್ಬಿನ ಹಣ ಕೈಸೇರುವ ಮುನ್ನವೇ ಬಡ್ಡಿ ತಿನ್ನುವ ಸಾಲದ ಮನೆಗೆ ಬಂದ ಸೊಸೆಗೆ ಸುಖವಿದೆಯೇ? ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಲಿ ಎಂದು ಪ್ರಭು ಹೇಳಿದ್ದು ಲೂಕನ ಶುಭಸಂದೇಶದಲ್ಲಿದೆ. ನಾವು ಎಲ್ಲರೂ ಆ ಸಂಜೆ ಅವರ ಜಗುಲಿಯ ಮೇಲೆ ಕುಳಿತು ಅದನ್ನೇ ಮಾಡಿದೆವು.

ಗೋಡೆಗಳನ್ನು ಒಬ್ಬ ಇಂಜಿನಿಯರ್ ನೋಡಿದರು. ಮಳೆ ಸಿಡಿದು ಸವೆದದ್ದು ಬುಡದ ಎರಡು ಅಡಿ ಮಾತ್ರ. ಅದಕ್ಕೆ ಕಲ್ಲಿನ ಕಟ್ಟೆ ಕಟ್ಟಿ, ಸೂರನ್ನು ಇನ್ನೊಂದು ಅಡಿ ಮುಂದೆ ಚಾಚಿದರೆ ಮುಂದಿನ ಮೂರು ಕೋಣೆ ಹಾಗೆಯೇ ಉಳಿಯುತ್ತವೆ ಎಂದರು. ಹಿಂದೆ ಅಡುಗೆಮನೆ, ಸ್ನಾನಗೃಹ ಮತ್ತು ಹೊಸ ದಂಪತಿಗೆ ಒಂದು ಕೋಣೆ. ಅದಕ್ಕೆ ಶೌಚದ ಗುಂಡಿ ತೋಡಿದ ಮಣ್ಣಿನಿಂದಲೇ ಬ್ಲಾಕು. ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ, ಅದರಲ್ಲಿ ಪಿಪಿಸಿ ಮತ್ತು ರಸೀದಿಯಿರುವ ಎಂ-ಸ್ಯಾಂಡ್. ಸಾಲ ಮೊದಲು ಅಂದುಕೊಂಡಿದ್ದರ ಅರ್ಧಕ್ಕೂ ಕೆಳಗಿಳಿಯಿತು. ಮೇಸ್ತ್ರಿಗೆ ಮಾತ್ರ ಸಮಾಧಾನವಿರಲಿಲ್ಲ. ಗಿಲಾವಿಲ್ಲದ ಗೋಡೆಗೆ ತನ್ನ ಹೆಸರು ಕೆಡುತ್ತದೆ ಎಂದು ಗೊಣಗಿದ.

ಕಳೆದ ವಾರ ಆ ದಾರಿಯಲ್ಲಿ ಹೋದಾಗ ಒಳಗೆ ಹೋಗಿ ನೋಡಿದೆ. ಹಿಂದಿನ ಹಳೆಯ ಕೊಟ್ಟಿಗೆಯ ಹೆಂಚುಗಳನ್ನು ಇಳಿಸಿ, ಒಡೆದದ್ದನ್ನು ಬೇರೆ ಮಾಡಿ, ಹೊಸ ಕೋಣೆಯ ತಾರಸಿಗೆಂದು ಅಂಗಳದಲ್ಲಿ ಪೇರಿಸಿದ್ದರು. ಮಣ್ಣಿನ ಬಾಟಲಿ ಇನ್ನೂ ಕಿಟಕಿಯಲ್ಲೇ ಇತ್ತು. ತಾಯಿ ಬ್ಲಾಕುಗಳಿಗೆ ನೀರು ಚಿಮುಕಿಸುತ್ತಿದ್ದರು. ಇಪ್ಪತ್ತೊಂದು ದಿನದಲ್ಲಿ ಹದಿನಾಲ್ಕು ಮುಗಿದಿದೆ ಎಂದರು.